ಕೊನೇ ಮಂಚದ ಪವಿತ್ರ

ಹೋದ ತಿಂಗಳು ಆರೋಗ್ಯ ಶಿಬಿರಕ್ಕೆಂದು ಹೊಂಗಡಹಳ್ಳಕ್ಕೆ ಹೋಗಿದ್ದೆವು. ಹಾಸನದಿಂದ ಹೊರಟ ನಮ್ಮ ವ್ಯಾನು ಸಕಲೇಶಪುರ ದಾಟಿ ತೋಟಗಳ ನಡುವೆ ತಿರುಗುತ್ತಿದ್ದಂತೆ ಕಿಟಕಿಯಿಂದ ಪಲ್ಪರ್ ವಾಸನೆ ಒಳಗೆ ನುಗ್ಗಿತು. ಹಣ್ಣು ಕಾಫಿಯ ಸಿಪ್ಪೆ ಸುಲಿದು ರಾಶಿ ಹಾಕಿ, ಅದು ನಾಲ್ಕು ದಿನ ಕೊಳೆತರೆ ಬರುವ ಹುಳಿ ನಾತ. ಜೊತೆಗಿದ್ದ ಹೊಸ ನರ್ಸ್ ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ನಾನು ನಾಲಿಗೆಯಿಂದ ನನ್ನ ಮುಂದಿನ ಹಲ್ಲನ್ನು ಮುಟ್ಟಿ ನೋಡಿಕೊಂಡೆ. ಅದು ನನ್ನ ಹಲ್ಲಲ್ಲ, ಕಟ್ಟಿಸಿದ್ದು. ಅಸಲಿ ಹಲ್ಲು ಮುರಿದ ವರ್ಷದ ಕಾಫಿ ಕುಯ್ಲಿನಲ್ಲೂ ಗಾಳಿಯಲ್ಲಿ ಇದೇ ನಾತವಿತ್ತು.

ಆಗ ನಾನು ನರ್ಸಿಂಗ್ ಮೂರನೇ ವರ್ಷದಲ್ಲಿದ್ದೆ. ಡಿಸೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ವನಗೂರಿನ ದಾರಿಯ ಒಂದು ಸಣ್ಣ ಆಸ್ಪತ್ರೆಗೆ ಪೋಸ್ಟಿಂಗ್ ಹಾಕಿದ್ದರು. ಹೆಂಚಿನ ಕಟ್ಟಡ, ಗಂಡಸರಿಗೆ ಹತ್ತು ಮಂಚ, ಹೆಂಗಸರಿಗೆ ಹತ್ತು, ಭಾನುವಾರ ಬಿಟ್ಟು ಉಳಿದ ದಿನ ಬರುವ ಒಬ್ಬ ಡಾಕ್ಟರು. ಎಲ್ಲವನ್ನೂ ನಡೆಸುತ್ತಿದ್ದವರು ಗಿರಿಜಮ್ಮ ಸಿಸ್ಟರ್. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಮಾತಾಡಿದರೆ ಜಗಳ ಆಡಿದಂತೆ ಕೇಳುವ ಗಂಟಲು. ನಾನು ಕುಂದೂರಿನ ಪಕ್ಕದ ಹಳ್ಳಿಯವಳು. ಅಪ್ಪ ಶುಂಠಿ, ಜೋಳ ಬೆಳೆಯುವ ರೈತ. ನಮ್ಮ ವಂಶದಲ್ಲಿ ಇಂಜೆಕ್ಷನ್ ಚುಚ್ಚುವ ಕೆಲಸಕ್ಕೆ ಹೋದವಳು ನಾನೇ ಮೊದಲು. ಚುಚ್ಚುವುದಕ್ಕೆ ನನಗೆಷ್ಟು ಭಯವಿತ್ತು ಎನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪೇಟೆಯವರು ಕಾಫಿ ಕುಯ್ಲು ಅಂದರೆ ಮಂಜು, ಕೆಂಪು ಹಣ್ಣು, ಫೋಟೋ ಅಂದುಕೊಳ್ಳುತ್ತಾರೆ. ಆಸ್ಪತ್ರೆ ಬಾಗಿಲಲ್ಲಿ ನಿಂತು ನೋಡಿದರೆ ಅದು ಏಟಿನ ಕಾಲ. ಎಲ್ಲೆಲ್ಲಿಂದಲೋ ಬಂದ ಆಳುಗಳು ತೋಟದವರು ಸಾಲಾಗಿ ಕಟ್ಟಿಸಿದ ಲೈನ್‌ ಮನೆಗಳಲ್ಲಿ ಇಕ್ಕಟ್ಟಾಗಿ ತುಂಬಿಕೊಂಡಿರುತ್ತಾರೆ, ಸಂತೆ ದಿನ ಕುಡಿತ ಜಾಸ್ತಿ, ಎಲ್ಲರ ಸೊಂಟದಲ್ಲೂ ಕತ್ತಿ. ನಾನು ಹೋದ ಮೊದಲ ವಾರವೇ ಆನೆ ತುಳಿದು ಕಾಲು ಮುರಿದ ಶಾಂತಕ್ಕನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಹಾಸನಕ್ಕೆ ಕಳಿಸಿ ಆಪರೇಷನ್ ಆದಮೇಲೆ ಮತ್ತೆ ನಮ್ಮಲ್ಲಿಗೇ ಬಂದು ಮಲಗಿದಳು. ಆನೆಯದು ಬಿಡಿ, ಅದು ಪ್ರಾಣಿ. ಮನುಷ್ಯರು ಮನುಷ್ಯರಿಗೆ ಮಾಡಿದ ಗಾಯಗಳೇ ನಮ್ಮಲ್ಲಿ ಹೆಚ್ಚು.

ಎರಡನೇ ವಾರ ಬೇಲಿ ಜಗಳದಲ್ಲಿ ತಮ್ಮನಿಂದ ಕತ್ತಿಯೇಟು ತಿಂದ ಒಬ್ಬರು ಬಂದರು. ಮುಂಗೈ ಗಾಯಕ್ಕೆ ಒಂದು ಹಿಡಿ ಕಾಫಿಪುಡಿ ಮೆತ್ತಿ, ಟವಲ್ ಬಿಗಿದು ಕಟ್ಟಿದ್ದರು. ನಮ್ಮ ಕಡೆ ಇದು ಮಾಮೂಲು. ಪುಸ್ತಕ ಓದಿದ ಜಂಭದಲ್ಲಿ ನಾನು ಆ ಮನುಷ್ಯನಿಗೆ, ಗಾಯಕ್ಕೆ ಯಾರಾದರೂ ಕಾಫಿಪುಡಿ ಹಾಕುತ್ತಾರೇನ್ರೀ ಎಂದು ಬೈದು, ಯಾರನ್ನೂ ಕೇಳದೆ ಟವಲ್ ಬಿಚ್ಚಿ ಸಲೈನ್ ಸುರಿದು ಪುಡಿಯನ್ನೆಲ್ಲ ಕೆದಕಿ ತೆಗೆದೆ. ಹೆಪ್ಪುಗಟ್ಟಿದ್ದೂ ಅದರೊಂದಿಗೆ ಬಂತು. ರಕ್ತ ಚಿಮ್ಮಿ ನನ್ನ ಕಣ್ಣು, ಬಾಯಿ ಎಲ್ಲ ತುಂಬಿತು. ನಾನು ಕೈಕಟ್ಟಿ ಹಾಕಿದಂತೆ ನಿಂತುಬಿಟ್ಟೆ. ಗಿರಿಜಮ್ಮ ಓಡಿಬಂದು ನನ್ನನ್ನು ಗೋಡೆಗೆ ತಳ್ಳಿ, ಬಟ್ಟೆ ಉಂಡೆ ಇಟ್ಟು, ಮೊಣಕಾಲೂರಿ ಕೂತು ಎರಡೂ ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ಡಾಕ್ಟರು ಹೊಲಿಗೆ ಹಾಕುವವರೆಗೆ ಬಿಡಲಿಲ್ಲ. ಆಮೇಲೆ ಕೈ ತೊಳೆಯುತ್ತಾ, ಪುಡಿ ತೆಗೆಯುವುದು ತಪ್ಪಲ್ಲ, ಹೊಲಿಯುವವರು ರೆಡಿ ಇಲ್ಲದೆ ತೆಗೆದಿದ್ದು ತಪ್ಪು ಎಂದಷ್ಟೇ ಹೇಳಿದರು.

ಅವತ್ತು ಸ್ಟೋರ್ ರೂಮಿನ ಹಿಂದೆ ನಿಂತು ಅವ್ವನಿಗೆ ಫೋನ್ ಮಾಡಿ ಅತ್ತೆ. ನನ್ನ ಕೈಲಾಗಲ್ಲ, ಬಂದುಬಿಡುತ್ತೇನೆ ಎಂದೆ. ಅವ್ವ ಸಮಾಧಾನ ಮಾಡಿದಳು, ಈ ತಿಂಗಳು ಕಳೀಲಿ ನೋಡಾಣ ಅಂದಳು. ಆ ದಿನದಿಂದ ಸಂಜೆ ಆರಕ್ಕೆ ಅವ್ವನ ಜೊತೆ ಮಾತು ಒಂದು ಔಷಧಿಯಂತಾಯಿತು. ಯಾರು ಬಂದರು, ಯಾರಿಗೆ ಎಷ್ಟು ಹೊಲಿಗೆ, ಯಾರು ಯಾರನ್ನು ಹೊಡೆದರು, ಎಲ್ಲವನ್ನೂ ಅವ್ವನಿಗೆ ಒಪ್ಪಿಸಿದರೆ ಮಾತ್ರ ನನಗೆ ಊಟ ಸೇರುತ್ತಿತ್ತು.

ಪವಿತ್ರ ಬಂದಿದ್ದು ಜನವರಿಯ ಒಂದು ಶನಿವಾರ ಬೆಳಿಗ್ಗೆ. ತೋಟದ ಒಳದಾರಿಯಲ್ಲಿ ಒಬ್ಬಳೇ ನಡೆದುಕೊಂಡು ಬಂದಿದ್ದಳು. ಎಡಗೈ ಮೊಣಕೈ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಅದನ್ನು ಬಲಗೈಯಲ್ಲಿ ಹೊತ್ತುಕೊಂಡಿದ್ದಳು. ರವಿಕೆ ಬಿಚ್ಚಿದಾಗ ಬೆನ್ನಿನ ಮೇಲೆ ಬೆಲ್ಟಿನ ಬಕಲ್ ಗುರುತು ಒಂದಲ್ಲ, ಎರಡಲ್ಲ. ಮುಖ ಊದಿದ್ದರಿಂದ ನನಗೆ ಮೊದಲು ಗುರುತು ಸಿಗಲಿಲ್ಲ. ಅವಳೇ ನನ್ನ ಹೆಸರು ಹಿಡಿದು, ಶಶಿ ಅಲ್ವೇನೇ ಅಂದಳು. ಕುಂದೂರು ಹೈಸ್ಕೂಲಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವಳು. ಖೋ ಖೋ ಆಟದಲ್ಲಿ ಅವಳನ್ನು ಮುಟ್ಟಿದವರಿಲ್ಲ. ವನಗೂರಿನ ಕಡೆ ಜೀಪ್ ಓಡಿಸುವ ಲೋಕೇಶನಿಗೆ ಮದುವೆ ಮಾಡಿಕೊಟ್ಟಿದ್ದರು.

ಗಂಡ ಬಾಡಿಗೆ ಮೇಲೆ ಬಿಸಿಲೆ ದಾರಿಯಲ್ಲಿ ಸುಬ್ರಹ್ಮಣ್ಯಕ್ಕೆ ಹೋಗಿದ್ದಾನೆ, ಅವನು ವಾಪಸು ಬರುವ ಮೊದಲೇ ಹೊರಟುಬಂದೆ ಎಂದಳು. ಸೋಮವಾರ ಅರಕಲಗೂಡಿನಿಂದ ಚಿಕ್ಕಮ್ಮ ಬಂದು ಕರೆದುಕೊಂಡು ಹೋಗುತ್ತಾಳೆ, ಅಲ್ಲಿಯವರೆಗೆ ತಾನಿಲ್ಲಿರುವುದು ಯಾರಿಗೂ ತಿಳಿಯಬಾರದು, ತವರಿಗೂ ತಿಳಿಯಬಾರದು. ಡಾಕ್ಟರು ಕೈಗೆ ಪ್ಲಾಸ್ಟರ್ ಹಾಕಿದರು. ಪೊಲೀಸ್ ಠಾಣೆಗೆ ಕಾಗದ ಹೋಯಿತು. ಗಿರಿಜಮ್ಮ ಅವಳನ್ನು ಹೆಂಗಸರ ವಾರ್ಡಿನ ಕೊನೇ ಮಂಚಕ್ಕೆ ಹಾಕಿ, ನನ್ನನ್ನೂ ಆಯಾ ಚಿನ್ನಮ್ಮನನ್ನೂ ನಿಲ್ಲಿಸಿಕೊಂಡು, ಯಾರು ಕೇಳಿದರೂ ಇಲ್ಲ ಅನ್ನಬೇಕು ಎಂದರು. ಪವಿತ್ರ ನನ್ನ ಕೈ ಹಿಡಿದುಕೊಂಡು ಇನ್ನೊಂದು ಸಲ ಕೇಳಿಕೊಂಡಳು. ನಾನು ಆಣೆ ಮಾಡಿದೆ.

ಅವತ್ತು ಸಂಜೆ ಆರಕ್ಕೆ ಅವ್ವನಿಗೆ ಹೇಳಿದೆ.

ಇದನ್ನು ಹೇಗೆ ವಿವರಿಸುವುದೋ ನನಗೆ ಈಗಲೂ ತಿಳಿಯದು. ಯಾರಿಗೂ ಅಂದರೆ ಅವ್ವನಿಗೂ ಅಂತ ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ವಿಷಯ ಮುಟ್ಟಿಸುವುದು ಒಂದು ಧರ್ಮ. ಗೊತ್ತಿದ್ದೂ ಹೇಳದಿದ್ದರೆ ಹತ್ತು ವರ್ಷವಾದರೂ ಮದುವೆ ಮನೆಗಳಲ್ಲಿ ಅದನ್ನೇ ಎತ್ತಿ ಆಡುತ್ತಾರೆ. ಅವ್ವ ಪವಿತ್ರಳ ತಾಯಿ ಗೌರತ್ತೆಯನ್ನು ವಾರಕ್ಕೆರಡು ಸಲ ಡೈರಿಯ ಹತ್ತಿರ ನೋಡುತ್ತಿದ್ದಳು. ಹೆತ್ತ ತಾಯಿಗೆ ಹೇಳದೆ ಹೇಗಿರುವುದು ಎಂದು ಅವರಿಗೆ ಫೋನ್ ಮಾಡಿ ಹೇಳಿದಳು. ಗೌರತ್ತೆ, ಸೊಸೆ ಆಸ್ಪತ್ರೆಯಲ್ಲಿದ್ದಾಳೆಂದು ಬೀಗರಿಗೆ ತಿಳಿಸದಿದ್ದರೆ ತಪ್ಪಾಗುತ್ತದೆ, ಹೇಗಾದರೂ ಇಬ್ಬರನ್ನೂ ಕೂರಿಸಿ ಸರಿಮಾಡಿಸೋಣ ಎಂದು ಬೀಗಿತ್ತಿಗೆ ಹೇಳಿದರು. ಬೀಗಿತ್ತಿ ಮಗನಿಗೆ. ನಾಲ್ಕು ಫೋನು. ಕೆಟ್ಟದ್ದಾಗಲಿ ಎಂದು ಮಾಡಿದ್ದು ಅದರಲ್ಲಿ ಒಂದೂ ಇಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಲೋಕೇಶ ಬಂದ. ಮಿಂದು, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಕಿತ್ತಳೆ ಹಣ್ಣಿನ ಕವರ್. ಗಿರಿಜಮ್ಮ ಗಂಡಸರ ವಾರ್ಡಿನಲ್ಲಿದ್ದರು. ಅವನು ನನ್ನನ್ನು ತಂಗಿ ಎಂದು ಕರೆದು, ಕುಂದೂರಿನ ಅತ್ತೆ ನಮ್ಮಮ್ಮನಿಗೆ ಫೋನ್ ಮಾಡಿದ್ದರು, ತಪ್ಪಾಗಿಹೋಗಿದೆ, ಒಂದು ಸಲ ಮುಖ ನೋಡಿಕೊಂಡು ಹೋಗುತ್ತೇನೆ ಎಂದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ. ಕುಂದೂರಿನ ಅತ್ತೆ ಎಂದ ಕೂಡಲೇ ಸುದ್ದಿ ಯಾರಿಂದ ಹೊರಟಿದ್ದೆಂದು ನನಗೆ ತಿಳಿಯಿತು. ಆದರೂ ರೋಗಿಗೆ ಹಣ್ಣು ತಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ನಾನು ಕತ್ತು ತಿರುಗಿಸಿ ಕೊನೇ ಮಂಚದ ಕಡೆ ನೋಡಿದೆ. ಅವನಿಗೆ ಅಷ್ಟು ಸಾಕಾಯಿತು.

ಬ್ರೆಡ್ಡು, ಹಣ್ಣು ಎರಡನ್ನೂ ಜೋಪಾನವಾಗಿ ಕಿಟಕಿಯ ಕಟ್ಟೆ ಮೇಲಿಟ್ಟ. ಏಳು, ಮನೆಗೆ ಹೋಗೋಣ ಎಂದು ಮೆತ್ತಗೆ ಹೇಳಿದ. ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಮರುಕ್ಷಣ ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದು ಜಗ್ಗಿದ. ಅವಳು ಮಂಚದಿಂದ ನೆಲಕ್ಕೆ ಬಿದ್ದ ಸದ್ದು ವಾರ್ಡಿಗೆಲ್ಲ ಕೇಳಿಸಿತು. ಪಕ್ಕದಲ್ಲಿದ್ದ ಕಬ್ಬಿಣದ ಡ್ರಿಪ್ ಸ್ಟ್ಯಾಂಡ್ ಎತ್ತಿ ಹೊಡೆಯತೊಡಗಿದ. ಮೊದಲನೆಯದು ಭುಜಕ್ಕೆ, ಎರಡನೆಯದು ತಲೆಗೆ. ಮೂರನೆಯದು ಮುಖಕ್ಕೆ. ಸ್ಟ್ಯಾಂಡಿನ ಕೊಕ್ಕೆ ಅವಳ ಎಡಗಣ್ಣಿಗೆ ಸಿಕ್ಕಿಕೊಂಡಿತು, ಅವನು ಅದನ್ನು ಎಳೆದುಕೊಂಡ.

ನಾನು ಹಿಂದಿನಿಂದ ಅವನ ಅಂಗಿ ಹಿಡಿದೆ. ಮೊಣಕೈಯಲ್ಲಿ ತಿವಿದ. ತುಟಿ ಸೀಳಿ, ಮುಂದಿನ ಹಲ್ಲು ಮುರಿದು ನನ್ನದೇ ನಾಲಿಗೆಯ ಮೇಲೆ ಬಿತ್ತು. ನಾನು ಬಿಡಲಿಲ್ಲ, ಬಿಡಬೇಕೆಂದು ಹೊಳೆಯಲಿಲ್ಲ. ಕಾಲು ಮುರಿದು ಮಲಗಿದ್ದ ಶಾಂತಕ್ಕ ಮಲಗಿದ್ದಲ್ಲಿಂದಲೇ ಸ್ಟೀಲ್ ಫ್ಲಾಸ್ಕ್ ಬೀಸಿ ಅವನ ಕಿವಿಗೆ ಎಸೆದಳು. ಚಿನ್ನಮ್ಮ ನೆಲ ಒರೆಸುವ ಕೋಲಿನಿಂದ ಮಂಡಿಗೆ ಬಾರಿಸಿದಳು. ಅವನು ಬಗ್ಗಿದಾಗ ವಾರ್ಡಿನ ಹೆಂಗಸರು, ಹೊಲಿಗೆ ಹಾಕಿಸಿಕೊಂಡವರು, ಜ್ವರದವರು, ಎಲ್ಲ ಅವನ ಮೇಲೆ ಬಿದ್ದರು. ಸಿಕ್ಕಿದ್ದರಲ್ಲಿ ಹೊಡೆದರು. ನಾನೂ ಹೊಡೆದೆ, ಕಾಲಿನಿಂದ ಒದ್ದೆ, ಒದೆಯುವುದು ಹಿತವಾಗಿತ್ತು. ಗಿರಿಜಮ್ಮ ಬಂದು ನಮ್ಮನ್ನು ಬಿಡಿಸಿ, ಎರಡು ಹೊದಿಕೆಯಲ್ಲಿ ಅವನನ್ನು ಕಿಟಕಿಯ ಸರಳಿಗೆ ಕಟ್ಟಿಸಿದರು. ಅಲ್ಲಿಂದಲೇ ಅವನು, “ನನ್ನೆಂಡ್ತಿ, ನಾನು ಹೊಡೀತೀನಿ, ನಿಮ್ಮಪ್ಪಂದೇನ್ರೇ ಹೋಯ್ತು?” ಎಂದು ಪೊಲೀಸರು ಬರುವವರೆಗೂ ಅರಚುತ್ತಿದ್ದ.

ಆಂಬುಲೆನ್ಸಿನಲ್ಲಿ ಪವಿತ್ರಳನ್ನು ಹಾಸನಕ್ಕೆ ಕಳಿಸಿದೆವು. ಬದುಕುತ್ತಾಳೋ ಇಲ್ಲವೋ ಎನ್ನುವುದು ಮೂರು ದಿನ ಗೊತ್ತಾಗಲಿಲ್ಲ. ಆ ಮೂರು ದಿನ ಆಸ್ಪತ್ರೆಯಲ್ಲಿ ಇನ್ನೊಂದು ಪ್ರಶ್ನೆ ಓಡಾಡುತ್ತಿತ್ತು. ಅವನಿಗೆ ಹೇಳಿದ್ದು ಯಾರು? ಎಲ್ಲರ ಕಣ್ಣೂ ಚಿನ್ನಮ್ಮನ ಮೇಲೆ ಹೋಯಿತು. ಲೈನಿನಲ್ಲಿ ವಾಸ, ವಾಚಾಳಿ ಹೆಂಗಸು, ಲೋಕೇಶನ ಜೀಪಿನಲ್ಲೇ ಸಂತೆಗೆ ಹೋಗಿ ಬರುವವಳು. ಅವಳು ದೇವರ ಮೇಲೆ ಪ್ರಮಾಣ ಮಾಡಿದಳು. ಆಫೀಸಿನವರು ಕೆಲಸಕ್ಕೆ ಬರಬೇಡ ಎಂದರು. ನನ್ನ ತುಟಿಗೆ ಹೊಲಿಗೆ ಹಾಕಿದ್ದರಿಂದ ಎಲ್ಲರೂ ನನ್ನನ್ನು ಧೈರ್ಯವಂತೆ ಅನ್ನುತ್ತಿದ್ದರು. ನಾನು ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ಹೇಳಿದರೆ ಕಾಲೇಜಿನಿಂದ ತೆಗೆಯುತ್ತಾರೆ ಎಂಬ ಭಯ. ಒಂದು ಆಣೆಯನ್ನು ಒಂದು ಹಗಲು ಇಟ್ಟುಕೊಳ್ಳಲಾಗದವಳು ನರ್ಸ್ ಆಗಿ ಏನು ಮಾಡಬೇಕಾಗಿದೆ ಎಂಬ ಅಸಹ್ಯ ಬೇರೆ.

ನಾಲ್ಕನೇ ದಿನ ಚಿನ್ನಮ್ಮ ತನ್ನ ಚಪ್ಪಲಿ, ತಟ್ಟೆ ತೆಗೆದುಕೊಂಡು ಹೋಗಲು ಬಂದಳು. ನನ್ನ ಹತ್ತಿರ ನಿಂತು, ತುಟಿ ನೋವು ಕಮ್ಮಿಯಾಯ್ತಾ ಕೂಸೇ ಎಂದು ಕೇಳಿದಳು. ಇನ್ನು ತಡೆಯಲಾಗಲಿಲ್ಲ. ಗಿರಿಜಮ್ಮನ ಮುಂದೆ ಹೋಗಿ, ಚಿನ್ನಮ್ಮನ ಎದುರಿಗೇ, ಹೇಳಿದ್ದು ನಾನು, ತೋರಿಸಿದ್ದೂ ನಾನು ಎಂದೆ. ಗಿರಿಜಮ್ಮ ಕನ್ನಡಕ ತೆಗೆದಿಟ್ಟು ನನ್ನ ಕೆನ್ನೆಗೆ ಹೊಡೆದರು. ಹೊಲಿಗೆ ಹಾಕಿದ ಕಡೆಯಲ್ಲ, ಇನ್ನೊಂದು ಕಡೆ. ಹೊಡೆದವರು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

“ದುಡ್ಡು ಇಸ್ಕೊಂಡು ಹೇಳಿದ್ರೆ ನಿನ್ನ ಇವತ್ತೇ ಓಡಿಸ್ತಿದ್ದೆ. ನೀನು ಪ್ರೀತಿಗೆ ಹೇಳಿದೀಯ. ನಾಳೆ ಇನ್ನೊಬ್ರಿಗೂ ಹಿಂಗೇ ಪ್ರೀತಿಗೆ ಹೇಳ್ತೀಯ. ಅದನ್ನ ಬಿಡೋಕೆ ಆದ್ರೆ ನರ್ಸಾಗು, ಇಲ್ದಿದ್ರೆ ಊರಿಗೋಗಿ ಮದ್ವೆಯಾಗು ಕಣೆ.”

ಕಾಲೇಜಿಗೆ ಅವರೇ ಕಾಗದ ಬರೆದರು. ಪ್ರಿನ್ಸಿಪಾಲರು ಕರೆಸಿ ಬೈದು, ಎಚ್ಚರಿಕೆ ಕೊಟ್ಟು ವಾಪಸು ಕಳಿಸಿದರು. ಚಿನ್ನಮ್ಮ ಕೆಲಸಕ್ಕೆ ಮರಳಿದಳು, ಆದರೆ ನನ್ನ ಜೊತೆ ಮಾತಾಡಲಿಲ್ಲ. ಪೋಸ್ಟಿಂಗ್ ಮುಗಿಯುವವರೆಗೂ ನಾನು ಒರೆಸಿದ ಟ್ರೇಯನ್ನು ಅವಳು ಇನ್ನೊಂದು ಸಲ ಒರೆಸುತ್ತಿದ್ದಳು.

ವಾರದ ರಜೆಯ ದಿನ ಹಾಸನದ ದೊಡ್ಡಾಸ್ಪತ್ರೆಗೆ ಹೋದೆ. ಪವಿತ್ರಳ ಎಡಗಣ್ಣು ತೆಗೆದಿದ್ದರು. ಅವಳಿಗೆ ಎಲ್ಲ ಹೇಳಿ, ಕ್ಷಮಿಸು ಎಂದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ನಾನು ಹೊರಡುವವರೆಗೂ ಈ ಕಡೆ ತಿರುಗಲಿಲ್ಲ. ಮುಂದಿನ ವಾರ ಹೋದಾಗಲೂ ಅಷ್ಟೆ. ಅದರ ಮುಂದಿನ ವಾರ ಅವಳೇ ಮಾತಾಡಿದಳು. ಲೋಕೇಶನಿಗೆ ಜಾಮೀನು ಸಿಗುತ್ತದಂತೆ, ಅರಕಲಗೂಡಿನ ಚಿಕ್ಕಮ್ಮನ ಮನೆ ಅವನಿಗೆ ಗೊತ್ತು, ತಾನು ಬೇರೆ ಕಡೆ ಹೋಗುತ್ತೇನೆ, ಒಂದು ಕೈ ಪ್ಲಾಸ್ಟರಿನಲ್ಲಿದೆ, ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹಿಡಿದು ಬರಲು ಒಬ್ಬರು ಬೇಕು ಎಂದಳು.

“ನಿನ್ನ ನಂಬಿ ಕರೀತಿಲ್ಲ,” ಎಂದಳು. “ಇನ್ಯಾರೂ ಇಲ್ಲ, ಅದ್ಕೆ.”

ಬ್ಯಾಗು ಹಿಡಿದುಕೊಂಡು ಹೋದೆ. ಅವಳನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಕಾಣುವ ಕಣ್ಣು ಒಳಗಡೆಗೆ ಇರುವಂತೆ ನೋಡಿಕೊಂಡು ಇಳಿದೆ. ಯಾರು ಹತ್ತಿದರೂ ಅವಳಿಗೆ ಕಾಣಬೇಕಿತ್ತು. ಅದು ಯಾವ ಊರಿನ ಬಸ್ಸು ಎಂದು ಇಲ್ಲಿಯೂ ಬರೆಯುವುದಿಲ್ಲ. ಆ ಸಂಜೆ ಅವ್ವ ಫೋನಿನಲ್ಲಿ ಏನಾಯ್ತೇ ಇವತ್ತು ಎಂದು ಕೇಳಿದಾಗ, ಬಟ್ಟೆ ಒಗೆದೆ ಎಂದೆ.

ಲೋಕೇಶನಿಗೆ ಜಾಮೀನು ಸಿಕ್ಕ ಮೂರನೇ ದಿನ ಆಸ್ಪತ್ರೆ ಗೇಟಿನ ಎದುರಿಗೆ ಅವನ ಜೀಪು ನಿಂತಿತ್ತು. ನಾನು ವಾರವಾರ ಹಾಸನಕ್ಕೆ ಹೋಗುತ್ತಿದ್ದುದು ಯಾರಿಂದಲೋ ಅವನಿಗೆ ತಿಳಿದಿತ್ತು. ಮಧ್ಯಾಹ್ನ ಕ್ವಾರ್ಟರ್ಸಿಗೆ ಊಟಕ್ಕೆ ಹೋಗುವಾಗ ಏರಿನಲ್ಲಿ ಅಡ್ಡ ಹಾಕಿದ. ಜಡೆ ಹಿಡಿದು ನನ್ನ ಮುಖವನ್ನು ಬಾನೆಟ್ಟಿಗೆ ಒತ್ತಿದ. ಬಿಸಿಲಿಗೆ ಕಾದ ತಗಡು ಚುರ್ ಎಂದಿತು. ಎಲ್ಲವ್ಳೆ ಹೇಳು ಎಂದು ಮೂರು ಸಲ ಕೇಳಿ ಮೂರು ಸಲ ಕುಟ್ಟಿದ. ಗೊತ್ತಿಲ್ಲ ಎಂದೆ. ಮೇಲಿನಿಂದ ಕುಯ್ಲಿನ ಆಳುಗಳ ಟ್ರ್ಯಾಕ್ಟರ್ ಬಂದಿದ್ದಕ್ಕೆ ಬಿಟ್ಟು ಹೋದ. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ನನಗೆ ಒಳಗೆ ಒಂದು ಬಗೆಯ ಖುಷಿ. ಕಲಿತುಬಿಟ್ಟೆ ಅಂದುಕೊಂಡೆ. ಗಿರಿಜಮ್ಮ ಹಣೆಗೆ ಪಟ್ಟಿ ಕಟ್ಟುತ್ತಾ, ಠಾಣೆಗೆ ದೂರು ಕೊಡಿಸುತ್ತೇನೆ ಎಂದರು, ಕೊಡಿಸಿದರು. ಹೊಗಳಲಿಲ್ಲ. ಹೊಡೆಯುವವನಿಗೆ ಗೊತ್ತಿಲ್ಲ ಅನ್ನುವುದು ಕಷ್ಟವೇನಲ್ಲ ಎನ್ನುವುದು ಅವರಿಗೆ ಗೊತ್ತಿತ್ತೇನೋ.

ಪೋಸ್ಟಿಂಗ್ ಮುಗಿಸಿ ಮಾರ್ಚಿನಲ್ಲಿ ಊರಿಗೆ ಹೋದೆ. ಮರುದಿನ ಬೆಳಿಗ್ಗೆಯೇ ಗೌರತ್ತೆ ಬಂದರು. ಎರಡು ತಿಂಗಳಲ್ಲಿ ಅರ್ಧ ಆಗಿದ್ದರು. ಅವ್ವ ಕಾಫಿ ತಂದಿಟ್ಟಳು. ಅವರು ಅದನ್ನು ಮುಟ್ಟದೆ, ಜಗುಲಿಯಲ್ಲಿ ನನ್ನ ಪಕ್ಕ ಕೂತು ನನ್ನ ಎರಡೂ ಕೈ ಹಿಡಿದುಕೊಂಡರು.

“ಎಲ್ಲವ್ಳೆ ಅಂತ ಕೇಳಾಕಿಲ್ಲ ಕಣವ್ವ. ಬದುಕವ್ಳಾ, ಅಷ್ಟೇ ಹೇಳು. ಇನ್ನೇನೂ ಬ್ಯಾಡ.”

ಹೂಂ ಅನ್ನಲು ನನ್ನ ಬಾಯಿ ಅರ್ಧ ತೆರೆದಿತ್ತು. ಅಷ್ಟು ಹೇಳಿದರೆ ಈ ತಾಯಿ ಇವತ್ತು ಎರಡು ತುತ್ತು ಉಣ್ಣುತ್ತಾಳೆ. ಉಂಡ ಸಂತೋಷಕ್ಕೆ ಅರಕಲಗೂಡಿನ ತಂಗಿಗೆ ಹೇಳುತ್ತಾಳೆ. ತಂಗಿ ಇನ್ನೊಬ್ಬರಿಗೆ. ಸಂಜೆಯೊಳಗೆ ಶಶಿಗೆ ಗೊತ್ತಿದೆ ಎನ್ನುವುದು ವನಗೂರು ಮುಟ್ಟುತ್ತದೆ. ಅವರ ಒಳ್ಳೆಯ ಮನಸ್ಸು ನನಗೆ ಚೆನ್ನಾಗಿ ಗೊತ್ತಿತ್ತು, ನನ್ನದೂ ನಮ್ಮವ್ವನದೂ ಅಂಥದ್ದೇ. ಗೊತ್ತಿಲ್ಲ ಗೌರತ್ತೆ ಎಂದೆ.

ಅವರು ನನ್ನ ಕಣ್ಣನ್ನೇ ನೋಡಿದರು. ನನ್ನ ಸುಳ್ಳು ಅವರಿಗೆ ತಿಳಿಯಿತು. ಕೈ ಕೊಡವಿ ಎದ್ದರು.

“ಬ್ಯಾಡ ಅಂದಾಗ ಊರಿಗೆಲ್ಲ ಹೇಳ್ದೆ. ಈಗ ಹೆತ್ತೋಳು ಕಾಲಿಗೆ ಬಿದ್ರೂ ಹೇಳಾಕಿಲ್ಲ. ನೀನು ಮುಟ್ಟಿದ ರೋಗಿ ಒಬ್ರೂ ಎದ್ದು ಕೂರ್ದಂಗಾಗ್ಲಿ.”

ನರ್ಸಿಗೆ ಅದಕ್ಕಿಂತ ದೊಡ್ಡ ಶಾಪ ಇಲ್ಲ. ಅವರು ಅಂಗಳ ದಾಟುವವರೆಗೆ ನಾನು ಕೂತಲ್ಲೇ ಕೂತಿದ್ದೆ. ಒಂದು ಸಲ ಕೂಗಿ ಕರೆದರೆ ಸಾಕಿತ್ತು. ನಾಲಿಗೆಯನ್ನು ಮುರಿದ ಹಲ್ಲಿನ ಮೊನೆಗೆ ಒತ್ತಿ ಹಿಡಿದುಕೊಂಡೆ, ರಕ್ತ ಬಂದು ಬಾಯಿ ಉಪ್ಪುಪ್ಪಾಗುವವರೆಗೆ.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು, ನನ್ನ ಮುಖ ನೋಡಿ ಹೇಳು, ನಿಜವಾಗಿ ಗೊತ್ತಿಲ್ಲವಾ ಎಂದು ಕೇಳಿದಳು. ಅವ್ವನ ಮುಖ ನೋಡಿದೆ. ಗೊತ್ತಿಲ್ಲವ್ವ ಎಂದೆ. ಅವಳು ನಂಬಲಿಲ್ಲ. ಗೌರತ್ತೆ ಕುಡಿಯದೆ ಬಿಟ್ಟ ಲೋಟ ಎತ್ತಿಕೊಂಡಳು.

“ಇನ್ಮ್ಯಾಕೆ ಆಸ್ಪತ್ರೆ ಸುದ್ದಿ ನಂಗೂ ಹೇಳ್ಬ್ಯಾಡ ಕಣೆ,” ಎಂದು ಒಳಗೆ ಹೋದಳು.